ಮನಿ ಗೊಬ್ಬರದ ಹೀರೀಕಾಯಿ

ಜಗಳ ಶುರುವಾದದ್ದು ಕೊಳೆತ ಬದನೆಕಾಯಿಯಿಂದ.

ಹುಲಿಗೆವ್ವ ಸಂಜೆ ಮನೆಗೆ ಬಂದಾಗ ಮಾರದೆ ಉಳಿದದ್ದು ಬುಟ್ಟಿಯ ತಳದಲ್ಲಿ ಇರುತ್ತಿತ್ತು. ಬಿಸಿಲಿಗೆ ಬಾಡಿದ ಮೆಂತ್ಯ, ಹುಳ ಹತ್ತಿದ ಬದನೆ, ಒಡೆದ ಟೊಮೆಟೊ. ತಿನ್ನುವಂಥದ್ದನ್ನು ಆರಿಸಿಕೊಂಡು ಉಳಿದದ್ದನ್ನು ಓಣಿಯ ತುದಿಗೆ ಚೆಲ್ಲಿದರೆ ಬಿಡಾಡಿ ದನ ತಿಂದು ಹೋಗುತ್ತಿದ್ದವು. ಇತ್ತೀಚೆಗೆ ಕಸದ ಗಾಡಿಯವರು ಓಣಿಯಲ್ಲಿ ಚೆಲ್ಲಬೇಡಿ, ಹಸಿ ಕಸ ಬೇರೆ ಒಣ ಕಸ ಬೇರೆ ಮಾಡಿ ಕೊಡಿ ಎಂದು ಜೋರು ಮಾಡತೊಡಗಿದ್ದರು. ಸೊಸೆ ದುರ್ಗಾ ಒಂದು ದಿನ ಬುಟ್ಟಿಗೆ ಕೈಹಾಕಿ ಹೇಳಿದಳು:

"ಅತ್ಯಾರ, ಇದನ್ನ ಚೆಲ್ಲಬ್ಯಾಡ್ರಿ. ಹಿತ್ತಲದಾಗ ತೆಗ್ಗ ತೋಡಿ ಹಾಕೂಣು. ಛಲೋ ಗೊಬ್ಬರಾ ಆಕ್ಕೈತಿ."

"ಗೊಬ್ಬರಾ ತಗೊಂಡ ಏನ ಮಾಡ್ತಿ? ಹೊಲಾ ಐತೇನ ನಮಗ?"

"ಹಿತ್ತಲಾ ಖಾಲಿ ಬಿದ್ದೈತಲ್ರಿ. ಮನಿ ಪೂರ್ತೆ ಕಾಯಿಪಲ್ಯಾ ಬೆಳ್ಯಾಕ ಸಾಕು."

ಕಾಲು ತೊಳೆಯುತ್ತಿದ್ದ ಹುಲಿಗೆವ್ವ ತಂಬಿಗೆ ಕೆಳಗಿಟ್ಟಳು. "ನಾ ದಿನಾ ಬುಟ್ಟಿಗಟ್ಟಲೆ ಕಾಯಿಪಲ್ಯಾ ಹೊತ್ತ ತಂದ ಮಾರತೇನಿ. ನನ್ನ ಮನ್ಯಾಗ ನೀ ಕಾಯಿಪಲ್ಯಾ ಬೆಳಸ್ತೇನಿ ಅಂತಿ. ಮಂದಿ ಕೇಳಿದ್ರ ನಕ್ಕಾರು."

ಅವಳ ಮಾತಿನಲ್ಲಿ ಹುರುಳಿತ್ತು. ಮದುವೆಯಾಗಿ ಧಾರವಾಡಕ್ಕೆ ಬಂದಾಗಿನಿಂದ ಅವಳು ಮಾಡಿದ್ದು ಇದೊಂದೇ ಕೆಲಸ. ನಸುಕಿನಲ್ಲಿ ಟೆಂಪೋ ಹತ್ತಿ ಅಮರಗೋಳದ ಮಾರುಕಟ್ಟೆಗೆ ಹೋಗಿ ಹರಾಜಿನ ಸವಾಲಿನಲ್ಲಿ ಮಾಲು ಹಿಡಿಯುವುದು, ಬಿಸಿಲು ಏರುವುದರೊಳಗೆ ಮಾಳಮಡ್ಡಿಯ ಒಂದು ಮೂಲೆಯಲ್ಲಿ ತಾಡಪತ್ರಿ ಹಾಸಿ ಕೂಡುವುದು. ಗಂಡ ಹೊಳೆಯಪ್ಪ ಅದೇ ಅಮರಗೋಳದಲ್ಲಿ ಹಮಾಲಿ ಮಾಡುತ್ತಿದ್ದ. ಸೊಂಟ ಕೈಕೊಟ್ಟ ಮೇಲೆ ಮನೆ ಹಿಡಿದಿದ್ದ. ಮಗ ಮಾಲತೇಶ ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ. ಮನೆಯೂ ಅಲ್ಲೇ ಇತ್ತು. ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಸಣ್ಣ ಹಿತ್ತಲು. ಈ ಮನೆ ಎದ್ದದ್ದು ಮಾಳಮಡ್ಡಿಯ ತಾಡಪತ್ರಿಯ ಮೇಲೆ ಎಂದು ಹುಲಿಗೆವ್ವ ಆಗಾಗ ಹೇಳುತ್ತಿದ್ದಳು. ಅದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ.

ದುರ್ಗಾ ಕಲಘಟಗಿ ಕಡೆಯ ಒಕ್ಕಲುತನದ ಮನೆಯಿಂದ ಬಂದವಳು. ಅತ್ತೆ ಬೇಡವೆಂದ ಮೇಲೆ ಎದುರು ಮಾತಾಡಲಿಲ್ಲ. ಮರುದಿನ ಹುಲಿಗೆವ್ವ ಬಜಾರಕ್ಕೆ ಹೋದ ಮೇಲೆ ಗುದ್ದಲಿ ಹಿಡಿದು ಹಿತ್ತಲಿಗೆ ಇಳಿದಳು. ಕಟ್ಟೆಯ ಮೇಲೆ ಕೂತಿದ್ದ ಮಾವ ಸ್ವಲ್ಪ ಹೊತ್ತು ನೋಡಿ ಎದ್ದು ಬಂದ.

"ತಾ ಇಲ್ಲೆ. ಹಂಗ ಅಗದರ ಸಂಜಿತನಕ ಅಗೀತಿ."

"ನಿಮ್ಮ ಸೊಂಟಾ, ಮಾವಾರ."

"ಕುಂತ ಕುಂತ ಇನ್ನಷ್ಟ ಹಿಡದೈತಿ. ತಾ."

ಸಂಜೆಯ ಹೊತ್ತಿಗೆ ತೆಗ್ಗು ಸಿದ್ಧವಾಯಿತು. ಹುಲಿಗೆವ್ವ ಬಂದು ನೋಡಿದಳು. ಸೊಸೆಯನ್ನು ಬಿಟ್ಟು ಗಂಡನಿಗೆ ಅಂದಳು: "ಮೂರು ವರ್ಷದಿಂದ ಒಂದ ಕೊಡಾ ನೀರ ಎತ್ತಿಲ್ಲ ನೀವು. ಸೊಸಿ ಹೇಳಿದ ಕೂಡ್ಲೆ ಗುದ್ದಲಿ ಎತ್ತಿದ್ರಿ."

ಮೊದಲ ಸಲ ಗೊಬ್ಬರ ಕೆಟ್ಟಿತು. ದುರ್ಗಾ ಕೊಳೆತ ಕಾಯಿಪಲ್ಲೆ ಮತ್ತು ಅಡುಗೆಮನೆಯ ಸಿಪ್ಪೆಯನ್ನು ಬರೀ ಮಣ್ಣು ಎಳೆದು ಮುಚ್ಚುತ್ತಿದ್ದಳು. ದೀಪಾವಳಿ ಮುಗಿದ ಮೇಲೂ ಎರಡು ಮಳೆ ಬಿದ್ದವು. ತೆಗ್ಗಿನಲ್ಲಿ ಕಪ್ಪು ನೀರು ನಿಂತು ಬಿಳಿ ಹುಳ ಬಿದ್ದವು. ಹಿತ್ತಲ ಬಾಗಿಲು ತೆರೆದರೆ ಮೂಗು ಮುಚ್ಚಿಕೊಳ್ಳಬೇಕು. ಒಂದು ದಿನ ಊಟಕ್ಕೆ ಕೂತಾಗ ಹುಲಿಗೆವ್ವ ರೊಟ್ಟಿ ಮುರಿದವಳು ಹಾಗೇ ಬಿಟ್ಟಳು.

"ದಿನಪೂರ್ತೆ ಬಜಾರದಾಗ ಕೊಳೆತದ್ದರ ನಾತ ತಗೊಂಡ ಬರತೇನಿ. ಉಣ್ಣೂವಾಗರ ಅದು ಬ್ಯಾಡ."

"ನಾಕ ದಿನಾ ತಡೀರಿ ಅತ್ಯಾರ."

"ಹೆಗ್ಗಣ ಬರಾಕತ್ತಾವ," ಎಂದ ಮಾಲತೇಶ. "ನಿನ್ನೆ ಒಂದು ಪಡಸಾಲ್ಯಾಗ ಬಂದ ನಿಂತಿತ್ತು. ಮುಚ್ಚಿ ಬಿಡ ಅದನ್ನ."

ದುರ್ಗಾ ಮುಚ್ಚಲಿಲ್ಲ. ಪಕ್ಕದ ಮನೆಯ ಶರೀಫಾಬಿಯ ಹತ್ತಿರ ಎರಡು ಎಮ್ಮೆ ಇದ್ದವು. ಅವಳಲ್ಲಿಗೆ ಹೋಗಿ ಸಗಣಿ ಕೇಳಿ ತಂದಳು. ಹೊಳೆಯಪ್ಪ ರಸ್ತೆಯ ಬದಿಯ ತೇಗದ ಮರಗಳ ಕೆಳಗಿನಿಂದ ಒಣ ಎಲೆ ಗುಡಿಸಿ ಚೀಲ ತುಂಬಿ ತಂದ. ಹಸಿ ಕಸದ ಮೇಲೆ ಒಣ ಎಲೆ, ಎಲೆಯ ಮೇಲೆ ಸಗಣಿ ನೀರು, ಅದರ ಮೇಲೆ ಮಣ್ಣು. ವಾರಕ್ಕೊಮ್ಮೆ ಇಬ್ಬರೂ ಸೇರಿ ತಿರುವಿ ಹಾಕುತ್ತಿದ್ದರು. ಮಳೆ ಬಂದರೆ ಹಳೆಯ ತಗಡು ಮುಚ್ಚುತ್ತಿದ್ದರು. ನಾತ ತಗ್ಗಿತು. ಸಂಕ್ರಾಂತಿ ಕಳೆಯುವಷ್ಟರಲ್ಲಿ ತೆಗ್ಗಿನೊಳಗೆ ಬದನೆಯೂ ಇರಲಿಲ್ಲ, ಟೊಮೆಟೊವೂ ಇರಲಿಲ್ಲ. ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗುವ ಕರಿಯ ಗೊಬ್ಬರವಿತ್ತು. ಹೊಳೆಯಪ್ಪ ಒಂದು ಬೊಗಸೆ ತಂದು ಹೆಂಡತಿಯ ಮೂಗಿನ ಹತ್ತಿರ ಹಿಡಿದ.

"ನೋಡ. ನಾತ ಐತೇನ?"

ಹುಲಿಗೆವ್ವ ಮುಖ ಆಚೆ ತಿರುಗಿಸಿದಳು. "ನನಗ ನೆಗಡಿ ಆಗೈತಿ."

ಶಿವರಾತ್ರಿಯ ಹೊತ್ತಿಗೆ ಹಿತ್ತಲಿನಲ್ಲಿ ಮಡಿ ಮಾಡಿ, ಗೊಬ್ಬರ ಬೆರೆಸಿ, ಮೆಂತ್ಯ, ಮೂಲಂಗಿ, ಬದನೆ ಹಾಕಿದರು. ಗೋಡೆಯ ಬದಿಗೆ ಹೀರೆ ಬೀಜ ಊರಿ ಬಳ್ಳಿಗೆ ಬಿದಿರು ಕಟ್ಟಿದರು. ನಲ್ಲಿಯಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಹೆಚ್ಚು. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಎಲ್ಲ ಬಕೀಟಿನಲ್ಲಿ ಕೂಡಿಟ್ಟು ಗಿಡಗಳಿಗೆ ಹಾಕುತ್ತಿದ್ದರು. ಮೊದಲು ಬಂದದ್ದು ಮೆಂತ್ಯ. ದುರ್ಗಾ ಅದನ್ನು ಉಳ್ಳಾಗಡ್ಡಿ ಹಾಕಿ ಪಲ್ಯ ಮಾಡಿ ಬಿಸಿ ರೊಟ್ಟಿಯ ಜೊತೆ ಬಡಿಸಿದಳು. ಹುಲಿಗೆವ್ವ ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. ಆಮೇಲೆ ತಟ್ಟೆ ಮುಂದೆ ಸರಿಸಿ, "ಇನ್ನೊಂದ ರೊಟ್ಟಿ ಹಾಕ" ಅಂದಳು.

ಎಪ್ರಿಲ್ ತಿಂಗಳಲ್ಲಿ ಹೀರೆ ಬಳ್ಳಿ ಗೋಡೆಯನ್ನೆಲ್ಲ ಹಬ್ಬಿ ಕಾಯಿ ಬಿಟ್ಟಿತು. ಮನೆಗೆ ಸಾಕಾಗಿ ಉಳಿದ ಕಾಯಿಗಳನ್ನು ಹುಲಿಗೆವ್ವ ತಾನೇ ಕೇಳಿ ಬುಟ್ಟಿಯಲ್ಲಿ ಇಟ್ಟುಕೊಂಡು ಹೋದಳು. ಅಂದು ಮಧ್ಯಾಹ್ನವೇ ಅವು ಖರ್ಚಾದವು. ಸಂಜೆ ಬಂದವಳ ದನಿ ಬದಲಾಗಿತ್ತು.

"ಆ ಬಾಯಾರು ತಾರಾಬಾಯಿ ಅದಾರಲ್ಲ, ಗಣಿತದ ಮಾಸ್ತರ ಹೆಂಡತಿ. ಮನ್ಯಾಗ ಬೆಳದದ್ದು, ಔಷಧ ಹೊಡದದ್ದಲ್ಲ ಅಂದ್ನಿ. ಇದ್ದದ್ದೆಲ್ಲಾ ಬಳಕೊಂಡ ಹ್ವಾದ್ರು. ನಾಳೆ ಇನ್ನಷ್ಟ ಹರದಿಡ."

"ಇನ್ನ ನಾಕ ದಿನಾ ಬೇಕ್ರಿ ಅವು ಬೆಳ್ಯಾಕ," ಎಂದಳು ದುರ್ಗಾ.

"ಗೊಬ್ಬರಾ ಜಾಸ್ತಿ ಹಾಕ."

ಆಮೇಲಿನ ವಾರಗಳು ಮನೆಯಲ್ಲಿ ಚೆನ್ನಾಗಿದ್ದವು. ಹುಲಿಗೆವ್ವ ತನ್ನ ಪಕ್ಕದಲ್ಲಿ ಸೊಪ್ಪು ಮಾರುವ ಹನುಮವ್ವನ ಕೊಳೆತ ಮಾಲನ್ನೂ ಕೇಳಿ ಚೀಲದಲ್ಲಿ ತರತೊಡಗಿದಳು. ಬಂದವಳೇ ಹಿತ್ತಲಿಗೆ ಹೋಗಿ ತಾನೇ ತೆಗ್ಗಿಗೆ ಸುರಿಯುತ್ತಿದ್ದಳು. ಓಣಿಯ ಹೆಂಗಸರ ಮುಂದೆ, ನಮ್ಮ ಸೊಸೆಯ ಕೈಗುಣ ಅಂಥದ್ದು ಎಂದು ಹೇಳುವುದನ್ನೂ ದುರ್ಗಾ ಕೇಳಿಸಿಕೊಂಡಳು. ಮಾಲತೇಶ ಮಾತ್ರ ದಿನಾ ಹೀರೆಕಾಯಿ ಎಂದು ಗೊಣಗುತ್ತಿದ್ದ.

ಮೇ ತಿಂಗಳ ಒಂದು ದಿನ ಹುಲಿಗೆವ್ವ ಬುತ್ತಿ ಮರೆತು ಹೋದಳು. ದುರ್ಗಾ ಅದನ್ನು ತೆಗೆದುಕೊಂಡು ಮಾಳಮಡ್ಡಿಗೆ ಹೋದಳು. ಮೂಲೆ ತಿರುಗುವಾಗಲೇ ಅತ್ತೆಯ ದನಿ ಕೇಳಿಸಿತು: "ಮನಿ ಗೊಬ್ಬರದ ಹೀರೀಕಾಯಿ, ಔಷಧ ಹೊಡದದ್ದಲ್ಲರಿ, ಬರ್ರಿ."

ತಾಡಪತ್ರಿಯ ಮೇಲೆ ಹೀರೆಕಾಯಿಯ ರಾಶಿ ಮೊಣಕಾಲೆತ್ತರ ಇತ್ತು. ಆ ದಿನ ಬೆಳಿಗ್ಗೆ ದುರ್ಗಾ ಹರಿದು ಕೊಟ್ಟದ್ದು ಒಂದು ಉಡಿಯಷ್ಟು.

ರಾಶಿಯ ಮುಂದೆ ತಾರಾಬಾಯಿ ಕಾಯಿ ಆರಿಸುತ್ತಿದ್ದರು. ಹುಲಿಗೆವ್ವ ಸೊಸೆಯನ್ನು ಕಂಡು ಕೂಗು ನಿಲ್ಲಿಸಿದಳು. ಆಮೇಲೆ, "ಇಕಿನ ನೋಡ್ರಿ ಬಾಯಾರ, ನಮ್ಮ ಸೊಸಿ. ಇಕಿನ ಬೆಳಸ್ಯಾಳ," ಅಂದಳು.

ತಾರಾಬಾಯಿ ಎದ್ದು ನಿಂತು ದುರ್ಗಾಳ ಕೈ ಹಿಡಿದುಕೊಂಡರು. "ನಿಮ್ಮಿಂದ ಭಾಳ ಉಪಕಾರ ಆಗೇದವಾ. ನಮ್ಮವರಿಗೆ ಹೊಟ್ಟಿ ಆಪರೇಷನ್ ಆಗಿ ಸತ್ತೂರ ದವಾಖಾನಿಯಿಂದ ಬಂದಾಗಿನಿಂದ ಊಟನ ಹೋಗವಲ್ತು. ಔಷಧ ಹೊಡದ ಕಾಯಿಪಲ್ಯಾ ತಿಂದ ತಿಂದ ಈ ರೋಗ ಬಂತು ಅಂತ ಅವರ ತಲ್ಯಾಗ ಕೂತುಬಿಟ್ಟದ. ನಿಮ್ಮನಿ ಹೀರೇಕಾಯಿ ತೊವ್ವಿ ಅಂದ್ರ ಅಷ್ಟ ನಾಕ ತುತ್ತು ಉಣ್ತಾರ."

ದುರ್ಗಾ ಅತ್ತೆಯ ಕಡೆ ನೋಡಿದಳು. ಹುಲಿಗೆವ್ವ ತಕ್ಕಡಿಯ ಬಟ್ಟಲನ್ನು ಸೆರಗಿನಿಂದ ಒರೆಸುತ್ತಿದ್ದಳು. ಬಜಾರದಲ್ಲಿ, ಗಿರಾಕಿಗಳ ನಡುವೆ, ಹನುಮವ್ವನ ಎದುರಿಗೆ ಅತ್ತೆಯನ್ನು ಸುಳ್ಳಿಯನ್ನಾಗಿ ಮಾಡಲು ದುರ್ಗಾಳಿಗೆ ಆಗಲಿಲ್ಲ. ಬುತ್ತಿ ಇಟ್ಟು ಬಂದುಬಿಟ್ಟಳು.

ಸಂಜೆ ಎಲ್ಲರೂ ಊಟಕ್ಕೆ ಕೂತ ಮೇಲೆ ಮಾತು ತೆಗೆದಳು.

"ಅತ್ಯಾರ, ಅಲ್ಲಿದ್ದ ಹೀರೀಕಾಯಿ ನಮ್ಮವಲ್ರಿ."

"ನಮ್ಮವೂ ಇದ್ದೂ."

"ಒಂದ ಉಡಿ. ಉಳಿದದ್ದು ಅಮರಗೋಳದ್ದು."

"ಹೀರೀಕಾಯಿ ಅಂದ್ರ ಹೀರೀಕಾಯಿ. ಮ್ಯಾಲೆ ಹೆಸರ ಬರದಿರತೈತೇನ?"

"ಆ ಬಾಯಾರು ನಂಬಿ ಒಯ್ಯಾಕತ್ತಾರ. ಜಡ್ಡಿನ ಮನಷ್ಯಾಗ ಉಣಸಾಕತ್ತಾರ. ಸುಳ್ಳ ಹೇಳಬಾರದಿತ್ರಿ ನೀವು."

ಹೊಳೆಯಪ್ಪ ತಲೆ ಎತ್ತಿದ. "ಏ, ಖರೇನ? ತಪ್ಪ ಮಾಡಿದಿ."

ಹುಲಿಗೆವ್ವ ಗಂಡನ ಕಡೆ ತಿರುಗಿದಳು. "ಚೀಲದ ಬಾಯಾಗ ಛಲೋ ಮಾಲು, ತಳದಾಗ ಕೆಟ್ಟದ್ದು. ಅಂಥಾ ಚೀಲಾ ಎಷ್ಟ ಹೊತ್ತೀರಿ ಅಮರಗೋಳದಾಗ? ಕೊಂಡಾವರಿಗೆ ಒಂದ ದಿನಾರ ಹೇಳೀರೇನು?"

ಹೊಳೆಯಪ್ಪ ತಟ್ಟೆಗೆ ತಲೆ ಬಗ್ಗಿಸಿ ರೊಟ್ಟಿ ಮುರಿದ.

"ನಾ ಮಾರಿದ್ದು ತಿಂದ ಇಷ್ಟ ವರ್ಷದಾಗ ಯಾರರ ಸತ್ತಾರೇನು?" ಹುಲಿಗೆವ್ವ ಸೊಸೆಗೆ ಅಂದಳು. "ಅದನ್ನ ಉಂಡ ನಿನ್ನ ಗಂಡ ಬೆಳದ. ನಿನ್ನ ಗೊಬ್ಬರಾ ಯಾತರದ್ದು? ನಾ ಹೊತ್ತ ತಂದ ಕೊಳೆತ ಬದನೀಕಾಯಿದ್ದು, ಅಮರಗೋಳದ ಟೊಮೆಟೊದ್ದು. ಅದರಾಗ ಬೆಳದದ್ದು ಅಮೃತ. ಅದನ್ನ ನಾ ತಕ್ಕಡ್ಯಾಗ ಹಾಕಿದ್ರ ವಿಷಾ. ಹೆಂಗ ಅದು, ಹೇಳ ನನಗ."

"ವಿಷಾ ಅಂತ ನಾ ಎಂದೂ ಅಂದಿಲ್ರಿ," ಎಂದಳು ದುರ್ಗಾ. "ಔಷಧ ಹೊಡದದ್ದಲ್ಲ ಅಂತ ಕೂಗಿ ಮಾರಾಕತ್ತಾವರು ನೀವು."

ಹುಲಿಗೆವ್ವ ತಟ್ಟೆ ಬಿಟ್ಟು ಎದ್ದಳು.

"ಇಬ್ರೂ ಸಾಕ ಮಾಡ್ರಿ," ಎಂದ ಮಾಲತೇಶ. "ಒಂದ ಕಾಯಿ ಸಲುವಾಗಿ ಮನಿ ಒಡೀತೀರೇನು? ನಾ ಪಾಳಿಗೆ ಹೋಗಬೇಕು. ಬುತ್ತಿ ಕಟ್ಟ."

ಮರುದಿನ ದುರ್ಗಾ ಕಾಯಿ ಹರಿಯಲಿಲ್ಲ. ಹುಲಿಗೆವ್ವ ಕೇಳಲೂ ಇಲ್ಲ. ಸಂಜೆ ಅವಳು ಖಾಲಿ ಬುಟ್ಟಿಯೊಂದಿಗೆ ಬಂದಳು. ಉಳಿದದ್ದನ್ನು ಬಜಾರದಲ್ಲೇ ದನಗಳಿಗೆ ಹಾಕಿ ಬರತೊಡಗಿದ್ದಳು. ಗೊಬ್ಬರದ ತೆಗ್ಗಿಗೆ ಮನೆಯ ಸಿಪ್ಪೆಯೊಂದೇ ಆಧಾರವಾಯಿತು. ಹೊಳೆಯಪ್ಪ ಎಲೆ ಗುಡಿಸಿ ತಂದ. ಹಸಿ ಕಸವಿಲ್ಲದೆ ಎಲೆ ಒಣಗಿಯೇ ಉಳಿದವು. ಹೀರೆಕಾಯಿ ಬಳ್ಳಿಯಲ್ಲೇ ಬಲಿಯತೊಡಗಿದವು. ಎಳೆಯವನ್ನು ದುರ್ಗಾ ದಿನಾ ಮನೆಗೆ ಮಾಡುತ್ತಿದ್ದಳು, ಸಿಪ್ಪೆಯದ್ದು ಚಟ್ನಿ, ಒಳಗಿನದ್ದು ಪಲ್ಯ. ಹುಲಿಗೆವ್ವ ಅದನ್ನು ಮುಟ್ಟದೆ ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ರೊಟ್ಟಿ ತಿಂದು ಏಳುತ್ತಿದ್ದಳು. ಅತ್ತೆ ಸೊಸೆ ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ಹೊಳೆಯಪ್ಪನ ಮೂಲಕ ಹೇಳುತ್ತಿದ್ದರು.

"ನೀರ ಬಂದಾವಂತ, ಕೊಡಾ ಹಚ್ಚಂತ ಹೇಳ್ರಿ."

"ಕೇಳಿಸೇತಿ ಅಂತ ಹೇಳ್ರಿ ಮಾವಾರ."

"ನಾ ಏನ ಪೋಸ್ಟಮನ್ನ ಏನು?" ಎನ್ನುತ್ತಿದ್ದ ಹೊಳೆಯಪ್ಪ. ಆದರೂ ಹೇಳುತ್ತಿದ್ದ.

ಒಮ್ಮೆ ದುರ್ಗಾ ತಾನೇ ತಾರಾಬಾಯಿಯವರ ಮನೆ ಹುಡುಕಿ ಹೋಗಿ ಹೇಳಿ ಬರುತ್ತೇನೆಂದು ಹೊರಟಳು. ಹೊಳೆಯಪ್ಪ ಬಾಗಿಲಲ್ಲಿ ತಡೆದ. "ನೀ ಹೇಳಿದ್ರ ಆಕಿ ಅಲ್ಲೆ ಮತ್ತ ಕುಂಡ್ರಾಂಗಿಲ್ಲ. ಆಕಿಗೆ ಇರೂದು ಅದೊಂದ ಜಾಗಾ. ಸ್ವಲ್ಪ ತಡಿ." ದುರ್ಗಾ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಬಜಾರದಲ್ಲಿ ಹುಲಿಗೆವ್ವ ಈಗ ಮನೆಯ ಮಾತು ಎತ್ತುತ್ತಿರಲಿಲ್ಲ. ಹೀರೆಕಾಯಿ ಬಂದಿವೆಯೇ ಎಂದು ಯಾರಾದರೂ ಕೇಳಿದರೆ, "ಬಂದಾವ್ರಿ, ತಗೋರಿ" ಎಂದಷ್ಟೇ ಹೇಳಿ ತೂಗುತ್ತಿದ್ದಳು. ತಾರಾಬಾಯಿಯವರಿಗೂ ಹಾಗೆಯೇ ಕೊಟ್ಟಳು. ಆಮೇಲೆ ಅವರು ಕೆಲವು ದಿನ ಬರಲಿಲ್ಲ.

ಬಂದಾಗ ಅವರ ಮುಖ ಇಳಿದಿತ್ತು. "ಮತ್ತ ಸತ್ತೂರಿಗೆ ಸೇರಿಸಿದ್ವಿ ಹುಲಿಗೆವ್ವಾ. ಮೊನ್ನೆ ಮನಿಗೆ ಕರಕೊಂಡ ಬಂದ್ವಿ. ಗಂಜಿ ಸುದ್ಧಾ ಒಲ್ಲೆ ಅಂತಾರ. ಇವತ್ತ ಮುಂಜಾನೆ ತಾವ ಬಾಯಿ ಬಿಟ್ಟು ಕೇಳಿದ್ರು, ಹುಲಿಗೆವ್ವನ ಹಿತ್ತಲದ ಹೀರೇಕಾಯಿ ಸಿಗತದೇನು ಅಂತ."

ಹೇಳುತ್ತಲೇ ಬಗ್ಗಿ ಎರಡು ಕಾಯಿ ಎತ್ತಿ ಚೀಲಕ್ಕೆ ಹಾಕಿದರು. ಹುಲಿಗೆವ್ವ ಕೈ ನೀಡಿ ಆ ಚೀಲದಿಂದ ಕಾಯಿಗಳನ್ನು ಹೊರಗೆ ತೆಗೆದಳು.

"ಅವು ಬ್ಯಾಡ್ರಿ."

"ಯಾಕವಾ?"

"ಬಲತಾವ್ರಿ. ನಾನ ಮನಿಗೆ ತಂದ ಕೊಡತೇನಿ, ಹೊತ್ತ ಮುಣಗೂದ್ರಾಗ."

ಅವರು ಹೋದ ಮೇಲೆ ಹುಲಿಗೆವ್ವ ತಾಡಪತ್ರಿಯನ್ನು ಹನುಮವ್ವನ ವಶಕ್ಕೆ ಬಿಟ್ಟು ಎದ್ದಳು. ವ್ಯಾಪಾರದ ನಡುವೆ ಅವಳು ಎದ್ದು ಹೋದದ್ದನ್ನು ಹನುಮವ್ವ ಹಿಂದೆ ನೋಡಿರಲಿಲ್ಲ.

"ಮನ್ಯಾಗ ಯಾರಿಗರ ಆರಾಮಿಲ್ಲೇನು?" ಎಂದು ಕೇಳಿದಳು.

"ಇಲ್ಲ. ಕಾಯಿ ತರಬೇಕು."

ಹನುಮವ್ವ ಹೀರೆಕಾಯಿಯ ರಾಶಿಯ ಕಡೆ ನೋಡಿದಳು, ಹುಲಿಗೆವ್ವನ ಕಡೆ ನೋಡಿದಳು.

ದುರ್ಗಾ ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದಳು. ಹುಲಿಗೆವ್ವ ಬಾಗಿಲಲ್ಲಿ ನಿಂತಳು. ಹೊಳೆಯಪ್ಪ ನಿದ್ದೆಯಲ್ಲಿದ್ದ, ಅವನ ಮೂಲಕ ಹೇಳುವ ಹಾಗಿರಲಿಲ್ಲ.

"ಎಳೇವು ಅದಾವೇನು?"

"ಎರಡ ಅದಾವ್ರಿ. ಬಜಾರಕ್ಕೇನು?"

"ಆ ಮಾಸ್ತರಿಗೆ. ನಮ್ಮ ಹಿತ್ತಲದ್ದ ಬೇಕಂತ. ಬ್ಯಾರೇದು ಒಲ್ಲೆ ಅಂತಾರಂತ."

ದುರ್ಗಾ ಸೀರೆಗೆ ಕೈ ಒರೆಸಿಕೊಂಡು ಒಗೆಯುವ ಕಲ್ಲಿನ ಮೇಲೆ ಹತ್ತಿ ಎಲೆ ಸರಿಸಿದಳು. ಎರಡು ಕಾಯಿ ಹರಿದಳು. ಮೂರನೆಯದು ಬೆರಳುದ್ದ ಇತ್ತು. ಅದನ್ನೂ ಮುಟ್ಟಿ ನೋಡಿ ಬಿಟ್ಟಳು. ಕೆಳಗಿಳಿದು ಅಂದಳು:

"ನಾನೂ ಬರತೇನಿ."

"ಯಾಕ, ನನ್ನ ಮ್ಯಾಲೆ ನಂಬಕಿ ಇಲ್ಲೇನು?"

"ಇಲ್ರಿ."

ಹುಲಿಗೆವ್ವ ಸಿಟ್ಟಾಗಲಿಲ್ಲ. "ಹಂಗಾರ ಚಪ್ಪಲ ಮೆಟ್ಟಕೋ. ಬಿಸಿಲ ಐತಿ," ಅಂದಳು.

ತಾರಾಬಾಯಿಯವರದು ಹಳೆಯ ಹೆಂಚಿನ ಮನೆ. ಅವರು ಗೇಟಿನ ಹತ್ತಿರವೇ ಬಂದು ಕಾಯಿ ತೆಗೆದುಕೊಂಡರು. ಒಳಗೆ ಕಿಟಕಿಯ ಬಳಿ ಮಂಚದ ಮೇಲೆ ಒಬ್ಬರು ಮಲಗಿದ್ದು ಕಾಣುತ್ತಿತ್ತು. ಹುಲಿಗೆವ್ವ ದನಿ ತಗ್ಗಿಸಿದಳು.

"ಬಾಯಾರ, ಒಂದ ಮಾತ ಐತ್ರಿ. ಈ ಎರಡು ನಮ್ಮ ಮನೀವು. ಇದಕ್ಕಿಂತ ಮೊದಲ ಒಯ್ದದ್ದರಾಗ ಅಮರಗೋಳದ್ದೂ ಇದ್ದೂ."

ತಾರಾಬಾಯಿ ಕಾಯಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತರು. "ಎಷ್ಟು?"

"ಭಾಳ ರೀ. ಅವ ಹೆಚ್ಚಿಗಿ."

ತಾರಾಬಾಯಿಯವರ ಮುಖ ಕೆಂಪಾಯಿತು. "ಎಷ್ಟ ವರ್ಷದಿಂದ ನಿಮ್ಮ ಹತ್ತರ ತಗೋತೀನಿ ನಾನು," ಅಂದರು. ಹುಲಿಗೆವ್ವ ಗೇಟಿನ ಸರಳು ನೋಡುತ್ತ ನಿಂತಳು. ದುರ್ಗಾ ಮಾತಾಡಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು.

"ತಾರಾ, ಯಾರು ಬಂದಾರ?"

"ಹುಲಿಗೆವ್ವ. ಹೀರೇಕಾಯಿ ತಂದಾಳ," ಎಂದು ತಾರಾಬಾಯಿ ಒಳಗಿನವರಿಗೆ ಕೇಳುವಂತೆ ಹೇಳಿದರು. ಆಮೇಲೆ ಇವರಿಗಷ್ಟೇ ಕೇಳುವಂತೆ ಅಂದರು: "ಅವರ ಮುಂದ ಇದನ್ನ ಎಂದೂ ಹೇಳಬ್ಯಾಡ್ರಿ. ಏನರ ಇರಲಿ, ಉಂಡಾರ. ಉಂಡದ್ದು ಮೈಗೆ ಹತ್ತೇದ. ಈಗ ಹೇಳಿದ್ರ ಇದನ್ನೂ ಬಿಡ್ತಾರ."

"ಹೇಳೂದಿಲ್ರಿ."

"ಬ್ಯಾರೆ ಏನೂ ನಾ ಇನ್ನ ನಿಮ್ಮ ಹತ್ತರ ತಗೊಳ್ಳೂದಿಲ್ಲ. ಹಿತ್ತಲದ್ದು ಅಷ್ಟ, ಬೆಳದಾಗ ತಂದ ಕೊಡ್ರಿ." ಗೇಟು ಹಾಕಿಕೊಂಡು ಒಳಗೆ ಹೋದರು.

ಹುಲಿಗೆವ್ವ ಅಲ್ಲಿಂದಲೇ ಬಜಾರಕ್ಕೆ ತಿರುಗಿದಳು, ದುರ್ಗಾ ಮನೆಗೆ ಬಂದಳು. ಅಂದು ಸಂಜೆ ಹುಲಿಗೆವ್ವನ ಬುಟ್ಟಿಯಲ್ಲಿ ಬಾಡಿದ ಮೆಂತ್ಯ, ಕೊಳೆತ ಟೊಮೆಟೊ ಮನೆಗೆ ಬಂದವು. ದುರ್ಗಾ ಅವನ್ನು ತೆಗ್ಗಿಗೆ ಸುರಿದು ಮೇಲೆ ಎಲೆ ಹರಡಿದಳು. ಬಜಾರದಲ್ಲಿ ಈಗ ಮನೆಯ ಮಾಲಿಗೆ ಬೇರೆ ಸಣ್ಣ ಪುಟ್ಟಿ. ಮೆಂತ್ಯವೋ ಬದನೆಯೋ ಇದ್ದಷ್ಟು ಅದರಲ್ಲಿ. "ಇದು ಮನೀದು, ಅದು ಅಮರಗೋಳದ್ದು" ಎಂದು ಹುಲಿಗೆವ್ವ ಕೇಳುವ ಮೊದಲೇ ಹೇಳುತ್ತಿದ್ದಳು. ಹಿಂದೆ ಕೊಟ್ಟದ್ದು ಯಾವುದಿತ್ತು ಎಂದು ಇಬ್ಬರು ಗಿರಾಕಿಗಳು ಕೇಳಿ, ಉತ್ತರ ಕೇಳಿದ ಮೇಲೆ ಬರುವುದನ್ನು ಬಿಟ್ಟರು. ಹೀರೆಕಾಯಿ ಮಾತ್ರ ಪುಟ್ಟಿಗೆ ಬರುತ್ತಿರಲಿಲ್ಲ. ಅವು ನೇರ ಆ ಹೆಂಚಿನ ಮನೆಗೆ ಹೋಗುತ್ತಿದ್ದವು. ಎರಡು, ಒಮ್ಮೊಮ್ಮೆ ಮೂರು. ಮನೆಯಲ್ಲಿ ಯಾರೂ ತಮಗೆ ಇಟ್ಟುಕೊಳ್ಳಲಿಲ್ಲ.

"ಪಾರಾದ್ನೆಪ್ಪಾ ಹೀರೀಕಾಯಿಂದ," ಎಂದ ಮಾಲತೇಶ. ಆಮೇಲೆ ಕೇಳಿದ: "ಆ ಮಾಸ್ತರು ಹೆಂಗದಾರ?"

ಮಾಸ್ತರು ಎದ್ದು ಕೂತರು. ಆಮೇಲೆ ಓಡಾಡತೊಡಗಿದರು. ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ಹಸಿಯಾಗಿದ್ದ ಒಂದು ಮುಂಜಾನೆ ಮನೆಯ ಮುಂದೆ ಆಟೋ ನಿಂತಿತು. ತಾರಾಬಾಯಿ ಮೊದಲು ಇಳಿದರು. ಅವರ ಕೈ ಹಿಡಿದು ಬಾಳಕೃಷ್ಣ ಮಾಸ್ತರು ಇಳಿದರು. ಅಂದು ಅಮರಗೋಳಕ್ಕೆ ರಜೆ. ಹುಲಿಗೆವ್ವ ಮನೆಯಲ್ಲೇ ಇದ್ದಳು.

"ಒಂದ ಸಲ ನೋಡಬೇಕು ಅಂತ ಹಟಾ ಹಿಡದ್ರು," ಎಂದರು ತಾರಾಬಾಯಿ. ಅವರು ಹುಲಿಗೆವ್ವನ ಮುಖ ನೋಡಲಿಲ್ಲ.

ಹೊಳೆಯಪ್ಪ ಹಿತ್ತಲಲ್ಲಿ ಕುರ್ಚಿ ಹಾಕಿದ. ಮಾಸ್ತರು ಕೂತು ಬದನೆ ಗಿಡ ನೋಡಿದರು, ಗೊಬ್ಬರದ ತೆಗ್ಗು ನೋಡಿದರು. ಒಂದು ಹಿಡಿ ಗೊಬ್ಬರ ಕೇಳಿ ಅಂಗೈಯಲ್ಲಿ ಹಾಕಿಸಿಕೊಂಡು ಬೆರಳಿನಿಂದ ಕೆದಕಿದರು.

"ಇದು ಕೊಳೆತ ಕಾಯಿಪಲ್ಯಾದ್ದ ಏನು?"

"ಹೌದ್ರಿ," ಎಂದಳು ದುರ್ಗಾ. "ಅತ್ಯಾರು ತರತಾರ."

ಮಾಸ್ತರು ತಲೆ ಎತ್ತಿ ಹೀರೆ ಬಳ್ಳಿಯನ್ನು ನೋಡಿದರು. ಗೋಡೆಯ ಈ ತುದಿಯಿಂದ ಆ ತುದಿಗೆ ಅವರ ಕಣ್ಣು ನಿಧಾನವಾಗಿ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಬಳ್ಳಿಯಲ್ಲಿ ಹೂವಿದ್ದವು, ಕಾಯಿ ಒಂದೆರಡು.

"ಬ್ಯಾಸಿಗ್ಯಾಗ ನಮ್ಮನಿಗೆ ದಿನಾ ಬರತಿದ್ದೂ," ಎಂದರು. "ನಮಗೊಬ್ಬರಿಗೇ ಅಲ್ಲ, ಓಣಿಗೆಲ್ಲಾ ಕೊಡ್ತಿದ್ರಿ ಅಂತ ಇಕಿ ಹೇಳ್ತಿದ್ಲು. ಎಲ್ಲಾ ಈ ಒಂದು ಬಳ್ಳೀದ್ದ?"

ಹೊಳೆಯಪ್ಪ ಕೆಮ್ಮಿದ. ಹುಲಿಗೆವ್ವ ಅಡುಗೆಮನೆಯ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದಳು. ತಾರಾಬಾಯಿ ನೆಲ ನೋಡುತ್ತಿದ್ದರು. ಮಾಸ್ತರು ಕೇಳಿದ್ದು ದುರ್ಗಾಳನ್ನು.

"ಇದೊಂದ ಅಲ್ರಿ," ಎಂದಳು ದುರ್ಗಾ. "ಗೋಡಿ ಆಚೆ ಶರೀಫಾಬಿಯವರ ಜಾಗಾ ಐತ್ರಿ. ಅಲ್ಲೂ ಹಾಕೇವಿ."

ಮಾಸ್ತರು ಅವಳ ಮುಖವನ್ನು ತುಸು ಹೊತ್ತು ನೋಡಿದರು. ಆಮೇಲೆ ಅಂಗೈಯ ಗೊಬ್ಬರವನ್ನು ಬದನೆ ಗಿಡದ ಬುಡಕ್ಕೆ ಹಾಕಿದರು.

"ಇವತ್ತ ದಣದೇನಿ. ಮುಂದಿನ ಸಲ ಬಂದಾಗ ಆ ಕಡೀದೂ ತೋರಿಸ್ರಿ."

ಚಹಾ ಕುಡಿದರು. ತಾರಾಬಾಯಿ ಹೋಗುವಾಗ ಹುಲಿಗೆವ್ವನಿಗೆ, "ಎರಡು ಕಟ್ಟು ಮೆಂತ್ಯ ಇದ್ರ ಕೊಡವಾ" ಎಂದು ಕೇಳಿ ತೆಗೆದುಕೊಂಡರು. ಆಟೋ ತಿರುವು ದಾಟಿತು.

ದುರ್ಗಾ ಹಿತ್ತಲಿಗೆ ಬಂದು ಕುರ್ಚಿ ಮಡಚದೆ ಅದರ ಹಿಂದೆ ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. ಹುಲಿಗೆವ್ವ ಖಾಲಿ ಕಪ್ಪುಗಳನ್ನು ಬಚ್ಚಲಿಗೆ ಹಾಕಿ ಹತ್ತಿರ ಬಂದಳು.

"ನಾನೂ ಸುಳ್ಳ ಹೇಳಿದ್ನಿ ಅತ್ಯಾರ."

"ಕೇಳಿದ್ನಿ."

"ಅವರು ನಂಬಿದ್ರಂತೀರೇನು?"

"ಇಲ್ಲ. ನಿನಗ ಸುಳ್ಳ ಹೇಳಾಕ ಬರೂದಿಲ್ಲ. ಹೇಳೂವಾಗ ಮಾರಿ ಕೆಳಗ ಹಾಕಿದಿ." ಹುಲಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಂಬಲಿ ಬಿಡಲಿ. ಮತ್ತ ಬರತೇನಿ ಅಂದಾರ."

ಅವಳು ಹಾಗೇ ಹೊರಗೆ ಹೋಗಿ ಶರೀಫಾಬಿಯ ಮನೆಯ ಮುಂದೆ ನಿಂತು ಕರೆದಳು. ಗೋಡೆಯ ಆಚೆ, ಎಮ್ಮೆ ಕಟ್ಟುವ ಚಪ್ಪರದ ಹಿಂದೆ, ಮೊಣಕಾಲುದ್ದ ಹುಲ್ಲು ಬೆಳೆದ ಜಾಗವಿತ್ತು. ಶರೀಫಾಬಿ ಹಾಲಿನ ಚರಿಗೆ ಹಿಡಿದೇ ಹೊರಗೆ ಬಂದಳು.

"ಆ ಹಿಂದಿನ ಜಾಗಾ ಖಾಲಿ ಐತಲ್ಲ ಶರೀಫಾಬಿ. ನಮಗ ಕೊಡ. ಬೆಳದದ್ದರಾಗ ನಿನಗೂ ಪಾಲು."

"ಬರೇ ಕಲ್ಲು ಐತಲ್ಲ ಅಕ್ಕಾ, ಅಲ್ಲೆ ಏನ ಬೆಳೀತೈತಿ?"

"ಗೊಬ್ಬರಾ ಐತಿ ನಮ್ಮ ಹಂತೇಲಿ."

"ಏನ ಹಾಕ್ತಿ?"

"ಹೀರಿ."

ಶರೀಫಾಬಿ ಚರಿಗೆಯನ್ನು ಕಟ್ಟೆಯ ಮೇಲಿಟ್ಟಳು. "ಹಾಕ. ಆದ್ರ ಹುಲ್ಲ ಕಡದು, ಕಲ್ಲ ಆರಿಸಿ, ಯಾವಾಗ ಕಾಯಿ ಬಿಟ್ಟೀತು ಅದು?"

ಹುಲಿಗೆವ್ವ ಉತ್ತರ ಕೊಡುವ ಮೊದಲೇ ಗೋಡೆಯ ಈಚೆ ಗುದ್ದಲಿಯ ಸಪ್ಪಳವಾಯಿತು. ದುರ್ಗಾ ತೆಗ್ಗಿನ ತಗಡು ಸರಿಸಿ ಗೊಬ್ಬರವನ್ನು ಬುಟ್ಟಿಗೆ ತುಂಬತೊಡಗಿದ್ದಳು.

"ಆ ಮಾಸ್ತರು ಬರೂದ್ರಾಗ ಬಿಡಬೇಕು," ಎಂದಳು ಹುಲಿಗೆವ್ವ.